ಶೇಡ್ ಕಾರ್ಡ್ ಆಮೇಲೆ ನೋಡಿ: ಹಳೇ ಫರ್ನಿಚರ್‌ಗೆ ಯಾವ ಪೇಂಟ್?

ತುಮಕೂರಿನಿಂದ ಮಾತಾಡ್ತಿದ್ದೀನಿ. ಇವತ್ತಿನ ವಿಷಯ: ಮನೇಲಿರೋ ಹಳೇ ಫರ್ನಿಚರ್‌ಗೆ ಹೊಸ ಬಣ್ಣ.

ರೀಲ್ಸ್‌ನಲ್ಲಿ ಇದು 30 ಸೆಕೆಂಡಿನ ಕೆಲಸ. ಹಳೇ ಟೇಬಲ್, ಎರಡು ಸಲ ಬ್ರಷ್ ಆಡಿಸಿದ್ರೆ ಹೊಸ ಟೇಬಲ್. ಆರು ತಿಂಗಳಾದ ಮೇಲೆ ಅದೇ ಬಣ್ಣ ಹಪ್ಪಳದ ಹಾಗೆ ಏಳೋದನ್ನ ಮಾತ್ರ ಯಾರೂ ರೀಲ್ ಮಾಡಲ್ಲ.

ಪೇಂಟ್ ಅಂಗಡಿಗೆ ಹೋದ ತಕ್ಷಣ ನಾವೆಲ್ಲ ಕೇಳೋದು ಶೇಡ್ ಕಾರ್ಡ್. ಆದರೆ ಮೊದಲು ಗೊತ್ತಾಗಬೇಕಾದ್ದು, ಹಚ್ಚೋ ಬಣ್ಣದ ಕೆಳಗೆ ಏನಿದೆ ಅನ್ನೋದು. ಮರನಾ, ಕಬ್ಬಿಣನಾ, ಬೋರ್ಡಾ? ಅದರ ಮೇಲೆ ಈಗಾಗಲೇ ಏನು ಬಳಿದಿದ್ದಾರೆ? ಈ ಉತ್ತರ ಸಿಕ್ಕಿದ್ರೆ ಅರ್ಧ ಆಯ್ಕೆ ತಾನಾಗೇ ಆಗಿಬಿಡುತ್ತೆ. ನಮ್ಮ ಕಡೆಯ ಮೂರು ಊರು, ಮೂರು ಸಾಮಾನು ಇಟ್ಕೊಂಡು ನೋಡೋಣ.

ಮೊದಲು ಗುಬ್ಬಿ. ಗುಬ್ಬಿ ತಾಲೂಕಿನ ಚೇಳೂರು ಅಂದ್ರೆ ಹಲಸು. ಸಿದ್ದು ಹಲಸು ಅಲ್ಲಿಯದೇ. ಹಣ್ಣಿನ ಜೊತೆ ಮರಾನೂ ಮನೆಗೆ ಬಂದಿರುತ್ತೆ: ಪೆಟ್ಟಿಗೆ, ಬೆಂಚು, ಬಾಗಿಲು. ಹಲಸಿನ ಮರ ಕೊಯ್ದಾಗ ಹಳದಿ, ವರ್ಷ ಕಳೆದಂತೆ ಕೆಂಪು ಮಿಶ್ರಿತ ಕಂದು. ಥಾಯ್ಲೆಂಡ್, ಮ್ಯಾನ್ಮಾರ್ ಕಡೆ ಬೌದ್ಧ ಭಿಕ್ಷುಗಳ ವಸ್ತ್ರಕ್ಕೆ ಬಣ್ಣ ಹಾಕೋಕೆ ಇದೇ ಮರದ ಚಕ್ಕೆ ಬಳಸ್ತಿದ್ರು, ಅಷ್ಟು ಬಣ್ಣ ಅದರೊಳಗೇ ಇದೆ. ಇಂಥ ಮರಕ್ಕೆ ನೇರವಾಗಿ ಬಿಳಿ ವಾಟರ್ ಬೇಸ್ಡ್ ಪೇಂಟ್ ಹೊಡೆದ್ರೆ ಒಳಗಿನ ಹಳದಿ ಮೇಲೆ ಬಂದು ಕಲೆ ಕಟ್ಟಬಹುದು. ಹಾಗಾಗಿ ನನ್ನ ಸಲಹೆ: ಗಟ್ಟಿಯಾಗಿರೋ ಹಲಸು, ತೇಗ, ಬೀಟೆಗೆ ಪೇಂಟೇ ಬೇಡ, ಪಾಲಿಶ್ ಸಾಕು.

ಪಾಲಿಶ್‌ನಲ್ಲೂ ವ್ಯತ್ಯಾಸ ಇದೆ. ಫ್ರೆಂಚ್ ಪಾಲಿಶ್ ಅಂದ್ರೆ ಅರಗನ್ನ ಸ್ಪಿರಿಟ್‌ನಲ್ಲಿ ಕರಗಿಸಿದ್ದು. ಅರಗು ನಮಗೆ ಹೊಸದಲ್ಲ. ಚನ್ನಪಟ್ಟಣದ ಬೊಂಬೆ ಹೊಳೆಯೋದು ಅದರಿಂದಲೇ. ಚುನಾವಣೆ ಶಾಯಿ ಮಾಡೋ ಮೈಸೂರಿನ ಕಾರ್ಖಾನೆ 1937ರಲ್ಲಿ ಶುರುವಾದಾಗ ಅದರ ಹೆಸರೇ ಮೈಸೂರು ಲ್ಯಾಕ್ ಅಂಡ್ ಪೇಂಟ್ ವರ್ಕ್ಸ್. ಫ್ರೆಂಚ್ ಪಾಲಿಶ್ ನೋಡೋಕೆ ಚೆಂದ, ಆದ್ರೆ ಬಿಸಿ ಕಾಫಿ ಲೋಟ ಇಟ್ರೆ ಬಿಳಿ ಉಂಗುರ ಬೀಳುತ್ತೆ. ಅದು ಪೆಟ್ಟಿಗೆಗೆ ಸರಿ. ಊಟದ ಟೇಬಲ್‌ಗೆ ಮೆಲಮೈನ್ ಅಥವಾ ಪಿಯು ತಗೊಳ್ಳಿ. ಎರಡು ಭಾಗ ಬೆರೆಸಿ ಸ್ಪ್ರೇ ಮಾಡೋ ಪಿಯು ಮಾತ್ರ ಮನೆ ರೂಮಿನಲ್ಲಿ ಮಾಡೋ ಪ್ರಯೋಗ ಅಲ್ಲ. ಅದರ ಹಾರ್ಡನರ್‌ನಲ್ಲಿರೋ ಐಸೋಸಯನೇಟ್ ಶ್ವಾಸಕೋಶಕ್ಕೆ ಕೆಟ್ಟದ್ದು. ಗೊತ್ತಿರೋರ ಕೈಲೇ ಮಾಡಿಸಿ.

ಇನ್ನು ಕುಣಿಗಲ್. ಅಲ್ಲಿ ಯಾರ ಮನೆಗಾದ್ರೂ ಹೋಗಿ, ಮದುವೇಲಿ ಬಂದ ಕಬ್ಬಿಣದ ಬೀರು ಒಂದು ಇದ್ದೇ ಇರುತ್ತೆ. ಇದಕ್ಕೆ ಬಣ್ಣಕ್ಕಿಂತ ಮೊದಲು ತುಕ್ಕಿನ ಲೆಕ್ಕ. ತುಕ್ಕು ಕಂಡ ಕಡೆ ಉಜ್ಜಿ ತೆಗೆದು, ಮೆಟಲ್ ಪ್ರೈಮರ್ ಹಚ್ಚಿ, ಆಮೇಲೆ ಎನಾಮಲ್. ಮರದ ಪ್ರೈಮರ್ ಇಲ್ಲಿ ನಡೆಯಲ್ಲ. ಆಯಿಲ್ ಎನಾಮಲ್ ಗಟ್ಟಿ, ಆದ್ರೆ ವಾಸನೆ ಜಾಸ್ತಿ, ಒಂದು ಕೋಟ್ ಒಣಗೋಕೆ ಒಂದು ರಾತ್ರಿ ಬೇಕು, ಬಿಳಿ ಬಣ್ಣ ವರ್ಷ ಕಳೆದಂತೆ ಹಳದಿಯಾಗುತ್ತೆ. ವಾಟರ್ ಬೇಸ್ಡ್ ಎನಾಮಲ್‌ಗೆ ವಾಸನೆ ಕಮ್ಮಿ, ಬೇಗ ಒಣಗುತ್ತೆ, ಬಿಳಿ ಬಿಳಿಯಾಗೇ ಉಳಿಯುತ್ತೆ.

ಬಿಕಾಂ ಓದಿದ್ದಕ್ಕೆ ಸ್ವಲ್ಪ ಲೆಕ್ಕನೂ ಹೇಳಿಬಿಡ್ತೀನಿ. ಆರೂವರೆ ಅಡಿ ಎತ್ತರ, ಮೂರಡಿ ಅಗಲ, ಒಂದೂವರೆ ಅಡಿ ಆಳದ ಬೀರುವಿನ ಮುಂಭಾಗ, ಎರಡು ಪಕ್ಕ, ಮೇಲ್ಭಾಗ ಸೇರಿದ್ರೆ ಸುಮಾರು 44 ಚದರ ಅಡಿ. ಎರಡು ಕೋಟ್‌ಗೆ 88. ಒಂದು ಲೀಟರ್ ಎನಾಮಲ್ ಒಂದು ಕೋಟ್‌ನಲ್ಲಿ ಹೆಚ್ಚುಕಮ್ಮಿ 100 ಚದರ ಅಡಿ ಬರುತ್ತೆ. ಅಂದ್ರೆ ಒಂದು ಲೀಟರ್ ಸಾಕು. ನಾಲ್ಕು ಲೀಟರ್ ಡಬ್ಬಿ ಅಗ್ಗ ಬೀಳುತ್ತೆ ಅಂತ ತಂದ್ರೆ ಉಳಿದ ಮೂರು ಲೀಟರ್ ಅಟ್ಟದ ಮೇಲೆ ಗಟ್ಟಿಯಾಗುತ್ತೆ ಅಷ್ಟೇ.

ಮೂರನೇದು ತುಮಕೂರು ಸಿಟಿ. ಕಾಲೇಜು ಹುಡುಗರ ಬಾಡಿಗೆ ರೂಮು, ಆನ್‌ಲೈನ್‌ನಲ್ಲಿ ತರಿಸಿದ ಸ್ಟಡಿ ಟೇಬಲ್. ನೋಡೋಕೆ ಮರ, ಒಳಗೆ ಪಾರ್ಟಿಕಲ್ ಬೋರ್ಡ್, ಮೇಲೆ ನುಣುಪಾದ ಲ್ಯಾಮಿನೇಟ್. ಆ ನುಣುಪಿಗೆ ಪೇಂಟ್ ಕಚ್ಚೋದೇ ಇಲ್ಲ. 220 ನಂಬರ್ ಸ್ಯಾಂಡ್ ಪೇಪರ್‌ನಲ್ಲಿ ಹೊಳಪು ಹೋಗೋವರೆಗೆ ಉಜ್ಜಿ, ಲ್ಯಾಮಿನೇಟ್ ಮೇಲೆ ಹಿಡಿಯೋ ಬಾಂಡಿಂಗ್ ಪ್ರೈಮರ್ ಹಚ್ಚಿ, ಆಮೇಲೆ ವಾಟರ್ ಬೇಸ್ಡ್ ಎನಾಮಲ್. ಅಂಚು ನೀರು ಕುಡಿದು ಊದಿಕೊಂಡಿದ್ರೆ ಖರ್ಚೇ ಮಾಡಬೇಡಿ, ಯಾವ ಪೇಂಟೂ ಅದನ್ನ ಕೂರಿಸಲ್ಲ. ಗೋಡೆಗೆ ತಂದು ಉಳಿದ ಎಮಲ್ಷನ್ ಹೊಡೆಯೋದೂ ಬೇಡ. ಸೆಕೆಗೆ ಅಂಟಂಟಾಗಿ ಪುಸ್ತಕ ಮೇಜಿಗೇ ಹಿಡ್ಕೊಳ್ಳುತ್ತೆ.

ಹಳೇದರ ಮೇಲೆ ಏನಿದೆ ಅಂತ ತಿಳಿಯೋದು ಹೇಗೆ? ಹತ್ತಿಯಲ್ಲಿ ಸ್ವಲ್ಪ ಸ್ಪಿರಿಟ್ ತಗೊಂಡು ಮೂಲೇಲಿ ಒತ್ತಿ. ಕರಗಿದ್ರೆ ಫ್ರೆಂಚ್ ಪಾಲಿಶ್. ಎನ್‌ಸಿ ಥಿನ್ನರ್‌ಗೆ ಮಾತ್ರ ಪೂರ್ತಿ ಕರಗಿದ್ರೆ ಎನ್‌ಸಿ ಲ್ಯಾಕರ್. ಕರಗದೆ ಸುಕ್ಕು ಕಟ್ಟಿದ್ರೆ ಅದು ಎನಾಮಲ್, ಮತ್ತೆ ಆ ಎನಾಮಲ್ ಮೇಲೆ ಎನ್‌ಸಿ ಲ್ಯಾಕರ್ ಹೊಡೆದ್ರೆ ಆಗೋದೂ ಇದೇ.

ಈಗ ಹೇಳೋದನ್ನ ದಯವಿಟ್ಟು ಸ್ಕಿಪ್ ಮಾಡಬೇಡಿ. ನಮ್ಮ ದೇಶದಲ್ಲಿ ಮನೆ ಬಳಕೆ ಪೇಂಟ್‌ನಲ್ಲಿ ಸೀಸ ಹತ್ತು ಲಕ್ಷದಲ್ಲಿ 90 ಭಾಗ ದಾಟಬಾರದು ಅನ್ನೋ ನಿಯಮ ಬಂದಿದ್ದು 2016ರಲ್ಲಿ, ಜಾರಿಯಾಗಿದ್ದು 2017ರ ನವೆಂಬರ್‌ನಲ್ಲಿ. ಅಂದ್ರೆ ಅದಕ್ಕೂ ಹಿಂದೆ ಬಳಿದ ತೊಟ್ಟಿಲು, ಮಕ್ಕಳ ಕುರ್ಚಿ, ಕಿಟಕಿಯಲ್ಲಿ ಸೀಸ ಇರಬಹುದು, ಅದರಲ್ಲೂ ಢಾಳಾದ ಹಳದಿ, ಕೆಂಪು, ಹಸಿರಿನಲ್ಲಿ. ಮಕ್ಕಳ ಮೆದುಳಿಗೆ ಸೀಸ ಎಷ್ಟು ಸೇರಿದ್ರೂ ಸುರಕ್ಷಿತ ಅಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ. ಬೆಂಗಳೂರಿನ ಡಾ. ತುಪ್ಪಿಲ್ ವೆಂಕಟೇಶ್ ಅವರು ಇದೇ ವಿಷಯ ಹಿಡಿದು ದಶಕಗಳ ಕಾಲ ಕೆಲಸ ಮಾಡಿದ್ದಕ್ಕೆ ಅವರಿಗೆ ‘ಲೆಡ್ ಮ್ಯಾನ್ ಆಫ್ ಇಂಡಿಯಾ’ ಅನ್ನೋ ಹೆಸರೇ ಬಂತು.

ಅಪಾಯ ಇರೋದು ನಾವು ಉಜ್ಜುವಾಗ ಏಳೋ ಧೂಳಲ್ಲಿ. ಮೇಕ್‌ಓವರ್ ಮಾಡೋಕೆ ಹೋಗಿ ಆ ಧೂಳನ್ನ ಮನೆಯೆಲ್ಲ ಹರಡೋದು ನಾವೇ. ಅದಕ್ಕೇ ಹಳೇ ಬಣ್ಣವನ್ನ ಒಣಗಿದ ಹಾಗೇ ಉಜ್ಜಬೇಡಿ, ಸುಟ್ಟು ತೆಗೆಯಬೇಡಿ. ವಾಟರ್ ಪೇಪರ್ ಹಿಡಿದು ಒದ್ದೆ ಮಾಡ್ಕೊಂಡು ಉಜ್ಜಿ, ಎನ್95 ಮಾಸ್ಕ್ ಹಾಕ್ಕೊಳ್ಳಿ, ಹೊರಗಡೆ ಕೆಲಸ ಮಾಡಿ, ನೆಲವನ್ನ ಗುಡಿಸದೆ ಒದ್ದೆ ಬಟ್ಟೇಲಿ ಒರೆಸಿ. ಮಕ್ಕಳು, ಗರ್ಭಿಣಿಯರು ಹತ್ತಿರ ಇರಬಾರದು. ಅಜ್ಜಿ ಕಾಲದ ಬಣ್ಣದ ತೊಟ್ಟಿಲಲ್ಲಿ ಹಲ್ಲು ಬರೋ ಮಗು ಮಲಗಿಸೋಕೆ ಹೋಗಬೇಡಿ, ಅದು ಅಂಚನ್ನೇ ಕಚ್ಚುತ್ತೆ. ತೊಟ್ಟಿಲು ನೆನಪಿಗೆ ಇರಲಿ, ಮಗುವಿಗೆ ಬೇರೆ ತನ್ನಿ. ಹೊಸ ಪೇಂಟ್ ಕೊಳ್ಳುವಾಗಲೂ ಡಬ್ಬಿ ತಿರುಗಿಸಿ ಸೀಸದ ಪ್ರಮಾಣದ ಸಾಲು ಓದಿ. ಅದಿಲ್ಲದ ಡಬ್ಬಿ ಎಷ್ಟು ಅಗ್ಗವಾದ್ರೂ ಅಂಗಡಿಯಲ್ಲೇ ಬಿಡಿ.

ಕೊನೇ ಮಾತು: ಮಳೆ ಹಿಡಿದಿರೋ ವಾರದಲ್ಲಿ ಬ್ರಷ್ ಮುಟ್ಟಬೇಡಿ. ಒಣಗಿದ ಹಾಗೆ ಕಂಡ ಪೇಂಟ್ ಪೂರ್ತಿ ಗಟ್ಟಿಯಾಗೋಕೆ ಎರಡು ಮೂರು ವಾರ ಬೇಕು, ಅಲ್ಲೀವರೆಗೆ ಭಾರ ಇಡಬೇಡಿ. ನಿಮ್ಮ ಮನೇಲಿ ಯಾವ ಸಾಮಾನು ಕಾಯ್ತಾ ಇದೆ, ಅದರ ಕೆಳಗೆ ಏನಿದೆ ಅಂತ ಮೊದಲು ನೋಡಿ, ಬಣ್ಣ ಆಮೇಲೆ ಕೇಳಿ. ಮುಂದಿನ ಎಪಿಸೋಡ್‌ನಲ್ಲಿ ಸಿಗೋಣ, ನಮಸ್ಕಾರ.