ನೀರಿಗಿಳಿದ ಮೇಲೆ

ನೀರಿಗಿಳಿದ ಮೇಲೆ ಚಳಿಯೇನು, ಮಳೆಯೇನು ಎಂಬುದು ನಮ್ಮಲ್ಲಿ ಬಳಕೆಯಲ್ಲಿರುವ ಗಾದೆ. ಕೈಗೊಂಡ ಕೆಲಸದ ನಡುವೆ ಹಿಂಜರಿಯುವವರಿಗೆ ಹಿರಿಯರು ಹೇಳುವ ಮಾತು ಅದು. ಆದರೆ ಈ ಗಾದೆ ಹುಟ್ಟಿದ್ದು ನಮ್ಮ ಕೆರೆಬಾವಿಗಳ ದಂಡೆಯಲ್ಲಿ ಎಂಬುದನ್ನು ಮರೆಯಲಾಗದು. ತಂಪು ಎಂಬುದು ನಮಗೆ ಸುಖದ ಇನ್ನೊಂದು ಹೆಸರು. 'ನಿನ್ನ ಹೊಟ್ಟೆ ತಣ್ಣಗಿರಲಿ' ಎಂದು ಹರಸುವ ಜನ ನಾವು. ತಣ್ಣೀರು ಮನುಷ್ಯನಿಗೆ ವೈರಿಯೂ ಆಗಬಲ್ಲದೆಂಬ ಭಾವನೆ ನಮ್ಮ ನುಡಿಯಲ್ಲಿ ಅಷ್ಟಾಗಿ ಬೇರುಬಿಟ್ಟಿಲ್ಲ. ಬೆನ್ನಿಗೆ ಸೋರೆಬುರುಡೆ ಕಟ್ಟಿಕೊಂಡು ತೋಟದ ಬಾವಿಯಲ್ಲಿ ಈಜು ಕಲಿತ ನನಗೆ ಅದು ಮನವರಿಕೆಯಾದದ್ದು ಇಂಗ್ಲೆಂಡಿನ ವಿಂಡರ್ಮಿಯರ್ ಸರೋವರದಲ್ಲಿ, ಒಂದು ಮೈಲಿಯ ಈಜುಸ್ಪರ್ಧೆಯಲ್ಲಿ ಪಾಲ್ಗೊಂಡಾಗ.

ವಿಂಡರ್ಮಿಯರ್ ಇಂಗ್ಲೆಂಡಿನ ಸಹಜ ಸರೋವರಗಳಲ್ಲೆಲ್ಲ ದೊಡ್ಡದು. ಹಿಮಯುಗದ ನೀರ್ಗಲ್ಲ ನದಿಗಳು ಕೊರೆದ ಕಣಿವೆಯಲ್ಲಿ ಸುಮಾರು 17 ಕಿಲೋಮೀಟರ್ ಉದ್ದಕ್ಕೆ ಪಟ್ಟಿಯಂತೆ ಚಾಚಿಕೊಂಡಿದೆ. ಸಾಹಿತ್ಯಾಸಕ್ತರಿಗೆ ಈ ಸೀಮೆ ಅಪರಿಚಿತವೇನಲ್ಲ. ಕವಿ ವರ್ಡ್ಸ್‌ವರ್ತ್ 1799ರಿಂದ ಗ್ರಾಸ್‌ಮಿಯರಿನಲ್ಲಿ, ಆಮೇಲೆ 1850ರಲ್ಲಿ ತೀರಿಕೊಳ್ಳುವವರೆಗೆ ರೈಡಲ್‌ನಲ್ಲಿ ಬಾಳಿದ್ದು ಇದರ ನೆರೆಯಲ್ಲಿಯೇ. ಈ ಸರೋವರದ ಕವಿಗಳನ್ನು ಗೇಲಿ ಮಾಡಿದ ಬೈರನ್ ಮಾತ್ರ ನಿಜವಾದ ಈಜುಗಾರ. ಅವನು 1810ರ ಮೇ 3ರಂದು ಹೆಲೆಸ್ಪಾಂಟ್ ಜಲಸಂಧಿಯನ್ನು ಈಜಿ ದಾಟಿದ. ಅದಕ್ಕೆ ಮುಂಚಿನ ಪ್ರಯತ್ನ ನೀರಿನ ಚಳಿಯಿಂದಾಗಿ ಕೈಗೂಡಿರಲಿಲ್ಲ. ದಂಡೆಯಲ್ಲಿ ಕುಳಿತು ನೀರನ್ನು ಧ್ಯಾನಿಸುವುದು ಒಂದು ಬಗೆಯ ಅರಿವಾದರೆ, ಮೈಯೊಡ್ಡಿ ತಿಳಿಯುವುದು ಇನ್ನೊಂದು ಬಗೆ.

ಈ ಸರೋವರದಲ್ಲಿ 2008ರಿಂದ 'ಗ್ರೇಟ್ ನಾರ್ತ್ ಸ್ವಿಮ್' ಎಂಬ ಈಜಿನ ಹಬ್ಬ ನಡೆಯುತ್ತ ಬಂದಿದೆ. 2010ರಲ್ಲಿ ನೀರಿನ ಮೇಲೆ ನೀಲಿಹಸುರು ಪಾಚಿ ಹಬ್ಬಿದ್ದರಿಂದ ಅದನ್ನು ರದ್ದುಪಡಿಸಬೇಕಾಯಿತು. ಸ್ಪರ್ಧಿಗಳನ್ನು ಬಣ್ಣಬಣ್ಣದ ಟೋಪಿಗಳ ತಂಡಗಳಾಗಿ ವಿಂಗಡಿಸಿ, ಒಂದೊಂದು ತಂಡವನ್ನು ಸಮಯ ಬಿಟ್ಟು ನೀರಿಗಿಳಿಸುತ್ತಾರೆ. ಬಹುಮಂದಿಯ ಮೈಮೇಲೆ ರಬ್ಬರಿನ ಬಿಗಿ ಉಡುಪು. ಅದರೊಳಕ್ಕೆ ನುಸುಳಿದ ನೀರಿನ ತೆಳುವಾದ ಪದರವನ್ನು ಮೈಯ ಬಿಸಿಯೇ ಬೆಚ್ಚಗೆ ಮಾಡಿ ಕಾಪಾಡುತ್ತದೆ. ನಾನು ಇಳಿದ ಜೂನ್ ತಿಂಗಳ ಆ ಬೆಳಗ್ಗೆ ನೀರಿನ ಉಷ್ಣತೆ 15 ಡಿಗ್ರಿ ಸೆಂಟಿಗ್ರೇಡಿನ ಆಸುಪಾಸಿನಲ್ಲಿತ್ತು. ಗಾಳಿಯಲ್ಲಾದರೆ ಅದು ಹಿತವಾದ ಹವೆ. ಆದರೆ ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಮೈಯ ಕಾವನ್ನು ಸೆಳೆದುಕೊಳ್ಳುತ್ತದೆ.

ತಣ್ಣೀರಿನ ಅಪಾಯವೆಂದರೆ ಮೈ ಮೆಲ್ಲಮೆಲ್ಲನೆ ಮರಗಟ್ಟುವುದೆಂದು ನಾವು ಭಾವಿಸುತ್ತೇವೆ. ಮೊದಲ ಗಂಡಾಂತರ ಮೊದಲ ಒಂದೆರಡು ನಿಮಿಷಗಳಲ್ಲಿಯೇ ಕಾದಿರುತ್ತದೆ. ಚರ್ಮ ಹಠಾತ್ತನೆ ತಣ್ಣಗಾದೊಡನೆ ಮನುಷ್ಯ ತನಗರಿವಿಲ್ಲದೆಯೇ ದೊಡ್ಡದಾಗಿ ಉಸಿರೆಳೆದುಕೊಳ್ಳುತ್ತಾನೆ. ಅನಂತರ ಉಸಿರು ಅಂಕೆ ತಪ್ಪಿ ಏದುತ್ತದೆ, ಎದೆ ಹೊಡೆದುಕೊಳ್ಳುತ್ತದೆ. ಆ ಕ್ಷಣದಲ್ಲಿ ಬಾಯಿ ನೀರೊಳಗಿದ್ದರೆ ಈಜು ಬಲ್ಲವನೂ ಮುಳುಗಿಹೋಗಬಹುದು. ಈ ಘಟ್ಟ ಕಳೆದ ಮೇಲೆ ಕೈಕಾಲುಗಳ ಸ್ನಾಯುಗಳು ಸೋಲತೊಡಗುತ್ತವೆ. ಒಡಲಿನ ಒಳಗಿನ ಕಾವು ಅಪಾಯದ ಮಟ್ಟಕ್ಕೆ ಇಳಿಯುವುದು ಅದಕ್ಕೂ ತಡವಾಗಿ.

ಇದನ್ನೆಲ್ಲ ನಮಗೆ ಮುಂದಾಗಿ ತಿಳಿಹೇಳಿದ್ದರು. ಆದರೂ ಕಂಬುಗೆ ಊದಿ, ನೂರಾರು ತೋಳುಗಳು ನೀರನ್ನು ಬಡಿಯತೊಡಗಿದಾಗ, ತಿಳಿದ ಮಾತು ತಲೆಯಲ್ಲಿ ಉಳಿಯಿತೇ ಹೊರತು ಎದೆಗೆ ಇಳಿಯಲಿಲ್ಲ. ಮುಖವನ್ನು ನೀರಿನಲ್ಲಿಟ್ಟೊಡನೆ ಹಣೆಗೆ ಸುತ್ತಿಗೆಯಿಂದ ಬಡಿದಂತಾಯಿತು. ಕಣ್ಣಿನ ಮುಂದೆ ಬರಿಯ ಕಪ್ಪುಹಸುರು. ಬಾವಿಯ ಕಲ್ಲುಮೆಟ್ಟಿಲಿನಂತೆ ಹಿಡಿದುಕೊಳ್ಳಲು ಏನೊಂದೂ ಇಲ್ಲ. ಮೊದಲ ತೇಲುಗುರುತು ಇನ್ನೂ ದೂರವಿತ್ತು. ಉಸಿರು ಹೊರಗೆ ಹೋಗಲೊಲ್ಲದು, ಒಳಗೆ ಮಾತ್ರ ನುಗ್ಗುತ್ತಿದೆ. ಹೇಳಿಕೊಟ್ಟಿದ್ದಂತೆ ಅಂಗಾತ ತಿರುಗಿ, ಆಕಾಶವನ್ನು ನೋಡುತ್ತ, ಬಿಡುವ ಉಸಿರನ್ನು ಮಾತ್ರ ಕನ್ನಡದಲ್ಲಿ ಎಣಿಸಿದೆ. ಮೂವತ್ತರ ಹೊತ್ತಿಗೆ ಎದೆ ನನ್ನ ಮಾತು ಕೇಳಿತು.

ಹಾಗೆ ತೇಲುತ್ತಿದ್ದಾಗಲೇ ಸ್ವಲ್ಪ ದೂರದಲ್ಲಿ ಒಬ್ಬ ಯುವಕ ಕೈಯೆತ್ತಿದ. ನೆರವು ಬೇಕೆಂಬುದಕ್ಕೆ ಅಲ್ಲಿ ಅದೇ ಸಂಕೇತ. ನನಗಿಂತ ಗಟ್ಟಿಮುಟ್ಟಾದ ಆಳು; ಅಷ್ಟು ಹೊತ್ತೂ ನನ್ನ ಮುಂದೆಯೇ ಬಿರುಸಾಗಿ ಸಾಗಿದ್ದವನು. ಕಾವಲಿನ ಕಿರುದೋಣಿಯೊಂದು ಜಾರಿಬಂದಿತು. ಅವನು ಅದರ ಮೂತಿಯನ್ನು ತಬ್ಬಿಕೊಂಡ. ಗದರಿಕೆಯಿಲ್ಲ, ಗೇಲಿಯಿಲ್ಲ, ದೋಣಿಯಲ್ಲಿದ್ದ ಹೆಂಗಸು ಅವನೊಡನೆ ಮೆಲುದನಿಯಲ್ಲಿ ಏನೋ ಮಾತಾಡುತ್ತಿದ್ದಳು. ಆ ಎತ್ತಿದ ಕೈ ನನ್ನ ಮನಸ್ಸಿನಲ್ಲಿ ಉಳಿದುಬಿಟ್ಟಿತು. ನೂರಾರು ಜನರ ಎದುರು, ತಂದೆತಾಯಿಗಳೋ ಗೆಳೆಯರೋ ದಂಡೆಯಲ್ಲಿ ನೋಡುತ್ತಿರುವಾಗ, 'ನನ್ನಿಂದ ಆಗದು' ಎಂದು ಕೈಯೆತ್ತುವುದಕ್ಕೆ ಬೇಕಾದ ಧೈರ್ಯ ಈಜಿ ಮುಗಿಸುವ ಧೈರ್ಯಕ್ಕಿಂತ ಕಿರಿದೆಂದು ನನಗೆ ತೋರಲಿಲ್ಲ.

ನಾನು ಮೈಲಿಯನ್ನು ಮುಗಿಸಿದೆ. ನನ್ನ ತಂಡದಲ್ಲಿ ಕೊನೆಯ ಕೆಲವರಲ್ಲಿ ಒಬ್ಬನಾಗಿ. ದಂಡೆ ಸೇರಿದ ಮೇಲೆ ನಡುಕ ಹುಟ್ಟಿತು. ನೀರಿನಿಂದ ಹೊರಬಂದ ಬಳಿಕವೂ ಸ್ವಲ್ಪ ಹೊತ್ತು ಒಡಲ ಕಾವು ಇಳಿಯುತ್ತಲೇ ಇರುತ್ತದೆಯಂತೆ. ಆದ್ದರಿಂದ ಕೂಡಲೇ ಬಿಸಿನೀರು ಹೊಯ್ದುಕೊಳ್ಳಬಾರದು. ಒದ್ದೆ ಕಳಚಿ, ಒಣಬಟ್ಟೆ ಉಟ್ಟು, ಬೆಚ್ಚಗಿನದೇನನ್ನಾದರೂ ಗುಟುಕು ಗುಟುಕಾಗಿ ಕುಡಿಯಬೇಕು. ಚಹದ ಲೋಟ ನನ್ನ ಕೈಯಲ್ಲಿ ನಿಲ್ಲದಿದ್ದಾಗ ಯಾರೋ ಅದನ್ನು ಹಿಡಿದುಕೊಂಡು ಕುಡಿಸಿದರು.

ಆಮೇಲೆ ನಮ್ಮ ದೇಶದ ಈಜುಗಾರರ ಚರಿತ್ರೆಯನ್ನು ನೆನೆಯುವಾಗ ಒಂದು ಸಂಗತಿ ಹೊಸದಾಗಿ ಕಂಡಿತು. ಮಿಹಿರ್ ಸೇನ್ ಇಂಗ್ಲಿಷ್ ಕಾಲುವೆಯನ್ನು ದಾಟಿದ್ದು 1958ರಲ್ಲಿ. ಅದಕ್ಕೆ ಮೊದಲು ಅವರು ಸೋತು ಹಿಂದಿರುಗಿದ್ದುಂಟು. ಆರತಿ ಸಾಹಾ 1959ರ ಆಗಸ್ಟಿನಲ್ಲಿ ಯತ್ನವನ್ನು ಕೈಬಿಡಬೇಕಾಯಿತು. ಮರುತಿಂಗಳ 29ರಂದು ಆಕೆ ಮತ್ತೆ ಇಳಿದು, ಆ ಕಾಲುವೆಯನ್ನು ದಾಟಿದ ಏಷ್ಯಾದ ಮೊದಲ ಮಹಿಳೆಯೆನಿಸಿದರು. ನಾವು ಎರಡನೆಯ ದಿನವನ್ನು ಮಾತ್ರ ನೆನಪಿನಲ್ಲಿಡುತ್ತೇವೆ. ಮೊದಲ ದಿನ ನೀರಿನಿಂದ ಮೇಲೆ ಬಂದದ್ದರಿಂದಲೇ ಎರಡನೆಯ ದಿನವೊಂದಿತ್ತು.

ಗಾದೆಯನ್ನು ತಿದ್ದಲು ನಾನು ಯಾರು? ಆದರೆ ಮಕ್ಕಳಿಗೆ ಈಜು ಕಲಿಸುವ ಹಿರಿಯರು ಅದರ ಜೊತೆಗೆ ಇನ್ನೊಂದು ಮಾತನ್ನೂ ಹೇಳಿಕೊಡಬಹುದು: ಚಳಿಯನ್ನು ಮೊದಲು ಕೇಳಿಸಿಕೋ, ಆಗದಿದ್ದಾಗ ಕೈಯೆತ್ತು. ನೀರು ನಾಳೆಯೂ ಅಲ್ಲಿಯೇ ಇರುತ್ತದೆ.