ಹಬ್ಬದ ಊಟ ಹಬ್ಬದ ದಿನಕ್ಕೇ ಇರಲಿ

(ರೋಗಿಗಳು ಮತ್ತು ಅವರ ಬಂಧುಗಳಿಗಾಗಿ ಶುಶ್ರೂಷಾ ಶಿಕ್ಷಕಿ ನೀಡಿದ ಆರೋಗ್ಯ ಮಾಹಿತಿ ಭಾಷಣದ ಬರಹರೂಪ)



ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ನಮಗೆ ಹಬ್ಬದ ಕಾಲವೆಂದರೆ ಒಂದು ವಾರದ್ದಲ್ಲ. ನಾಗರಪಂಚಮಿಗೆ ಅರಸಿನ ಎಲೆಯ ಕಡುಬು, ಅಷ್ಟಮಿಗೆ ಮೂಡೆ, ಚೌತಿಗೆ ಪಂಚಕಜ್ಜಾಯ, ಮತ್ತೆ ನವರಾತ್ರಿ, ದೀಪಾವಳಿ. ಕಾರ್ತಿಕದಲ್ಲಿ ಧರ್ಮಸ್ಥಳದ ಲಕ್ಷದೀಪೋತ್ಸವ. ಅಷ್ಟರಲ್ಲಿ ಮದುವೆ, ಗೃಹಪ್ರವೇಶ, ಕೋಲ, ನೇಮ, ಬ್ರಹ್ಮಕಲಶ ಶುರುವಾಗುತ್ತವೆ. ಮೂಡುಬಿದಿರೆಯ ಕಂಬಳ, ಪೊಳಲಿಯ ಚೆಂಡು ಎಲ್ಲ ಮುಗಿದು ಮೇ ಕೊನೆಯ ಪತ್ತನಾಜೆ ಬರುವವರೆಗೂ ಮನೆಗೆ ಕಾಗದ ಬರುವುದು ನಿಲ್ಲುವುದಿಲ್ಲ.

"ಒಂದು ದಿನ ತಿಂದರೆ ಏನಾಗುತ್ತದೆ ಸಿಸ್ಟರ್?" ಎಂದು ಕೇಳುವವರು ಬಹಳ ಮಂದಿ. ಒಂದು ಊಟದಿಂದ ಯಾರಿಗೂ ಬೊಜ್ಜು ಬರುವುದಿಲ್ಲ. ಆದರೆ ಆ "ಒಂದು ದಿನ" ವರ್ಷದಲ್ಲಿ ಎಷ್ಟು ಸಲ ಬರುತ್ತದೆ ಎಂದು ಗೋಡೆಯ ಕ್ಯಾಲೆಂಡರ್ ನೋಡಿ ಲೆಕ್ಕ ಹಾಕಿ.

ಅಮೆರಿಕದಲ್ಲಿ 195 ಜನರ ತೂಕವನ್ನು ಹಬ್ಬದ ದಿನಗಳ ಮೊದಲು ಮತ್ತು ನಂತರ ನೋಡಿ, 2000ನೇ ಇಸವಿಯಲ್ಲಿ ವರದಿ ಪ್ರಕಟಿಸಿದರು. ನವೆಂಬರ್‌ನಿಂದ ಜನವರಿಯವರೆಗಿನ ಆ ದಿನಗಳಲ್ಲಿ ಹೆಚ್ಚಿದ ತೂಕ ಸರಾಸರಿ 370 ಗ್ರಾಂ ಮಾತ್ರ. ಇಷ್ಟೇಯಾ ಎಂದು ಅನಿಸಬಹುದು. ಆದರೆ ಹಬ್ಬ ಕಳೆದು ಬೇಸಿಗೆ ಬಂದರೂ ಆ ತೂಕ ಇಳಿಯಲಿಲ್ಲ. ಪ್ರತಿ ವರ್ಷ ಅಷ್ಟಷ್ಟೇ ಸೇರಿದರೆ 10 ವರ್ಷಕ್ಕೆ ಮೂರೂವರೆ ಕಿಲೋ ಮೀರುತ್ತದೆ. ಅವರದ್ದು ಒಂದೂವರೆ ತಿಂಗಳ ಹಬ್ಬ. ನಮ್ಮದು ನಾಗರಪಂಚಮಿಯಿಂದ ಪತ್ತನಾಜೆಯವರೆಗೆ!

ಹೀಗೆ ಸೇರಿದ ಬೊಜ್ಜು ಮೊದಲು ಕೂರುವುದು ಹೊಟ್ಟೆಯ ಸುತ್ತ. ಗಂಡಸರಿಗೆ ಸೊಂಟದ ಸುತ್ತಳತೆ 90 ಸೆಂಟಿಮೀಟರ್, ಹೆಂಗಸರಿಗೆ 80 ಸೆಂಟಿಮೀಟರ್ ದಾಟಿದರೆ ಎಚ್ಚರ ಬೇಕು. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಮೊಣಕಾಲು ನೋವು ಅದರ ಹಿಂದೆಯೇ ಬರುತ್ತವೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ನಮ್ಮ ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಸಕ್ಕರೆ ಕಾಯಿಲೆ ಇದೆ.

ಹಾಗಾದರೆ ಹಬ್ಬ ಬಿಡಬೇಕೇ? ಖಂಡಿತ ಬೇಡ. ಬಿಡಬೇಕಾದದ್ದು ಮೂರು ಅಭ್ಯಾಸಗಳನ್ನು.

ಮೊದಲನೆಯದು, ಒತ್ತಾಯಕ್ಕೆ ತಿನ್ನುವುದು. ಎಲೆಗೆ ಬಿದ್ದ ಅನ್ನವನ್ನು, ಅದರಲ್ಲೂ ಪ್ರಸಾದವನ್ನು ಬಿಡಬಾರದು ಎಂಬುದು ನಮ್ಮ ಸಂಸ್ಕಾರ. ಅದು ಒಳ್ಳೆಯದೇ. ಆದ್ದರಿಂದಲೇ ಎಲೆಗೆ ಬೀಳುವ ಮೊದಲು ಕೈ ಅಡ್ಡ ಹಿಡಿಯಿರಿ. ಬಡಿಸುವವರೂ "ನನ್ನ ಲೆಕ್ಕದಲ್ಲಿ ಇನ್ನೊಂದು ಹೋಳಿಗೆ" ಎಂದು ಹಾಕಬೇಡಿ. ಪಲ್ಯ, ಕೋಸಂಬರಿ ಎರಡನೇ ಸಲ ಕೇಳಿ ಹಾಕಿಸಿಕೊಳ್ಳಿ, ಅನ್ನ ಒಂದೇ ಸಲ ಸಾಕು. ಹೋಳಿಗೆ ಅಥವಾ ಪಾಯಸ ಬೇಕೆಂದಿದ್ದರೆ ಅಷ್ಟು ಅನ್ನ ಕಡಿಮೆ ಮಾಡಿ. ನಿಧಾನವಾಗಿ ಉಣ್ಣಿ. ಹೊಟ್ಟೆ ತುಂಬಿದೆ ಎಂದು ಮೆದುಳಿಗೆ ತಿಳಿಯಲು ಸುಮಾರು 20 ನಿಮಿಷ ಬೇಕು.

ಎರಡನೆಯದು, ಡಬ್ಬಿ. ಹಬ್ಬದ ದಿನ ತಿಂದದ್ದಕ್ಕಿಂತ ಮತ್ತಿನ ಎಂಟು ದಿನ ಚಹಾದ ಜೊತೆ ತಿಂದ ಚಕ್ಕುಲಿ, ಉಂಡೆಯೇ ಹೆಚ್ಚಾಗಬಹುದು. ಒಂದು ಚಮಚ ಸಕ್ಕರೆಯಲ್ಲಿ ಸುಮಾರು 20 ಕ್ಯಾಲೊರಿ, ಒಂದು ಚಮಚ ಎಣ್ಣೆಯಲ್ಲಿ ಸುಮಾರು 45. ಉಂಡೆಯಲ್ಲಿ ಎಷ್ಟು ಚಮಚ ಸಕ್ಕರೆ, ಚಕ್ಕುಲಿಯಲ್ಲಿ ಎಷ್ಟು ಚಮಚ ಎಣ್ಣೆ ಉಂಟೆಂದು ಮಾಡಿದ ಅಮ್ಮಂದಿರಿಗೇ ಗೊತ್ತು. ಹಬ್ಬಕ್ಕೆ ಬೇಕಾದಷ್ಟೇ ಮಾಡಿ, ಉಳಿದದ್ದನ್ನು ಅದೇ ದಿನ ನೆರೆಮನೆಗೆ ಹಂಚಿ. ಮರುದಿನ ಬಸಳೆ, ತೊಂಡೆಕಾಯಿ, ಹೆಸರುಕಾಳು ಇರಲಿ. ಜೊತೆಗೆ ಒಂದು ಬಟ್ಟಲು ಕುಚ್ಚಲಕ್ಕಿ ಗಂಜಿ. ಗಂಜಿಯೂ ಅನ್ನವೇ, ಎರಡು ಬಟ್ಟಲು ಬೇಡ.

ಮೂರನೆಯದು, ತಡರಾತ್ರಿ ಉಂಡು ಕೂಡಲೇ ಮಲಗುವುದು. ಮೂಡುಬಿದಿರೆಯ ಜೈನ ಬಂಧುಗಳಲ್ಲಿ ಸೂರ್ಯ ಮುಳುಗುವ ಮೊದಲೇ ಊಟ ಮುಗಿಸುವ ಪದ್ಧತಿ ಉಂಟು. ಎಲ್ಲರಿಗೂ ಅಷ್ಟು ಬೇಗ ಆಗಲಿಕ್ಕಿಲ್ಲ, ಆದರೆ ಮಲಗುವ ಎರಡು ಗಂಟೆ ಮೊದಲು ಮುಗಿಸಬಹುದು. ಕೋಲ, ಯಕ್ಷಗಾನ ನೋಡಲು ಹೋಗುವವರು ಮನೆಯಲ್ಲೇ ಬೇಗ ಸ್ವಲ್ಪ ಉಂಡು ಹೋಗಿ. ಊಟದ ನಂತರ 10–15 ನಿಮಿಷ ನಿಧಾನ ನಡೆದರೆ ರಕ್ತದ ಸಕ್ಕರೆ ಏರುವುದು ಕಡಿಮೆಯಾಗುತ್ತದೆ.

ಸಕ್ಕರೆ ಕಾಯಿಲೆಯವರು ಮತ್ತು ಅವರ ಮನೆಯವರು ಇನ್ನು ಮುಂದಿನದ್ದನ್ನು ಗಮನವಿಟ್ಟು ಕೇಳಬೇಕು.

ಬೆಲ್ಲದ ಪಾಯಸ ಆಗುತ್ತದೆ ಎಂದು ತಿಳಿಯಬೇಡಿ. ಬೆಲ್ಲವೂ ರಕ್ತದ ಸಕ್ಕರೆಯನ್ನು ಏರಿಸುತ್ತದೆ. ಸಿಹಿ ತಿಂದೆನೆಂದು ನೀವಾಗಿಯೇ ಮಾತ್ರೆ ಅಥವಾ ಇನ್ಸುಲಿನ್ ಹೆಚ್ಚು ಮಾಡಿಕೊಳ್ಳಬೇಡಿ. ಹಬ್ಬದ ದಿನವೆಂದು ಬಿಡಲೂ ಬೇಡಿ. ಉಪವಾಸ ಮಾಡುವವರು ಮೊದಲೇ ವೈದ್ಯರನ್ನು ಕೇಳಿ. ಖಾಲಿ ಹೊಟ್ಟೆಯಲ್ಲಿ ಇನ್ಸುಲಿನ್ ತೆಗೆದುಕೊಂಡರೆ ಸಕ್ಕರೆ 70ಕ್ಕಿಂತ ಕೆಳಗಿಳಿದು ಬೆವರು, ನಡುಕ, ತಲೆಸುತ್ತು ಬರಬಹುದು. ಆಗ ಮೂರು ಚಮಚ ಸಕ್ಕರೆ ನೀರಲ್ಲಿ ಕದಡಿ ಕುಡಿಸಿ. 15 ನಿಮಿಷದಲ್ಲಿ ಸರಿಯಾಗದಿದ್ದರೆ ಮತ್ತೊಮ್ಮೆ ಕೊಟ್ಟು ಆಸ್ಪತ್ರೆಗೆ ಕರೆತನ್ನಿ. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಕೂಡಲೇ ಕರೆತನ್ನಿ.

ರಕ್ತ ಪರೀಕ್ಷೆಯ ಮುನ್ನಾದಿನ ಮಾತ್ರ ಪಥ್ಯ ಮಾಡಿ ಬರುವವರಿದ್ದಾರೆ. ಎಚ್‌ಬಿಎ1ಸಿ ಎಂಬ ಪರೀಕ್ಷೆ ಕಳೆದ ಎರಡು–ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತೋರಿಸುತ್ತದೆ. ಚೌತಿಯ ಕಡುಬೂ ದೀಪಾವಳಿಯ ಸಿಹಿಯೂ ಅದರಲ್ಲಿ ಬರುತ್ತವೆ.

ವಾರ್ಡಿಗೆ ಪ್ರೀತಿಯಿಂದ ಸಿಹಿ ಡಬ್ಬಿ ತರುವ ಬಂಧುಗಳೇ, ಕೊಡುವ ಮೊದಲು ಸಿಸ್ಟರ್ ಬಳಿ ಒಂದು ಮಾತು ಕೇಳಿ. ಕಾಲಿನ ಗಾಯಕ್ಕೆ ದಾಖಲಾದವರಿಗೆ ಸಕ್ಕರೆ ಏರಿದರೆ ಗಾಯ ಬೇಗ ಮಾಯುವುದಿಲ್ಲ. ಹೃದಯ, ಮೂತ್ರಪಿಂಡದ ತೊಂದರೆ ಇರುವವರಿಗೆ ಉಪ್ಪಿನಕಾಯಿ, ಹಪ್ಪಳದ ಉಪ್ಪು ಕೂಡ ತೊಂದರೆಯೇ. ಅವರ ಹತ್ತಿರ ಅರ್ಧ ಗಂಟೆ ಕುಳಿತು ಮಾತನಾಡಿ, ಅವರಿಗೆ ಅದೇ ಹಬ್ಬ.

ಚೌತಿಯ ಮೊದಲು ಒಮ್ಮೆ, ದೀಪಾವಳಿಯ ನಂತರ ಒಮ್ಮೆ, ಪತ್ತನಾಜೆಗೆ ಒಮ್ಮೆ ತೂಕ ನೋಡಿ ಚೀಟಿಯಲ್ಲಿ ಬರೆದಿಡಿ. ಮುಂದಿನ ಸಲ ಬರುವಾಗ ಆ ಚೀಟಿ ತನ್ನಿ, ಒಟ್ಟಿಗೆ ನೋಡೋಣ.