ಹಿರಿಯರ ಹಲ್ಲಿಗೆ ಫ್ಲೋರೈಡ್: ಸವರುವುದೋ, ಕುಡಿಯುವುದೋ?



ಪಾವಗಡ, ಮುಂಡರಗಿಯಂಥ ಬಯಲುಸೀಮೆಯ ತಾಲ್ಲೂಕುಗಳಲ್ಲಿ ಫ್ಲೋರೈಡ್ ಎಂದರೆ ಕೊಳವೆಬಾವಿಯ ವಿಷ. ಅಂಗಡಿಯ ಟೂತ್‌ಪೇಸ್ಟಿನ ಮೇಲೆ ಅದೇ ಫ್ಲೋರೈಡ್ ಹಲ್ಲಿನ ರಕ್ಷಕ. ಇವೆರಡರಲ್ಲಿ ಯಾವುದು ನಿಜ? ಎರಡೂ ನಿಜ. ವ್ಯತ್ಯಾಸವಿರುವುದು ಪ್ರಮಾಣದಲ್ಲಿ ಮತ್ತು ಬಳಸುವ ಬಗೆಯಲ್ಲಿ.

ಬಾಯಿಯ ಬ್ಯಾಕ್ಟೀರಿಯಾಗಳು ಸಕ್ಕರೆಯನ್ನು ಆಮ್ಲವಾಗಿಸುತ್ತವೆ. ಆ ಆಮ್ಲದಲ್ಲಿ ಹಲ್ಲಿನ ಖನಿಜಾಂಶ ಕರಗುತ್ತದೆ. ಜೊಲ್ಲು ಅದನ್ನು ಮತ್ತೆ ತುಂಬಿಕೊಡುತ್ತದೆ. ಈ ಕರಗುವಿಕೆ ಮತ್ತು ತುಂಬುವಿಕೆ ದಿನವೂ ನಡೆಯುತ್ತವೆ. ಹಲ್ಲಿನ ಮೇಲ್ಮೈಯಲ್ಲಿ ಅಲ್ಪ ಫ್ಲೋರೈಡ್ ಇದ್ದರೆ ಹೊಸದಾಗಿ ಕೂಡುವ ಪದರ ಆಮ್ಲಕ್ಕೆ ಸುಲಭವಾಗಿ ಕರಗದು.

ಅಮೆರಿಕದ ಗ್ರ್ಯಾಂಡ್ ರಾಪಿಡ್ಸ್ ನಗರದಲ್ಲಿ 1945ರಲ್ಲಿ ಕುಡಿಯುವ ನೀರಿಗೆ ಫ್ಲೋರೈಡ್ ಬೆರೆಸತೊಡಗಿದಾಗ, ಹಲ್ಲು ಮೂಡುವ ವಯಸ್ಸಿನ ಮಕ್ಕಳು ಅದನ್ನು ಸೇವಿಸಿದರಷ್ಟೇ ಫಲವೆಂಬ ನಂಬಿಕೆಯಿತ್ತು. ಅದರ ಫಲ ಮುಖ್ಯವಾಗಿ ಹಲ್ಲಿನ ಮೇಲ್ಮೈಯಲ್ಲೇ ದೊರೆಯುತ್ತದೆಂದು ಈಗ ತಿಳಿದಿದೆ. ಆದ್ದರಿಂದ ಎಪ್ಪತ್ತರ ಅಜ್ಜಿಗೂ ಅದರ ಪ್ರಯೋಜನವುಂಟು. ವಯಸ್ಸಾದಂತೆ ವಸಡು ಜರಿದು ಹಲ್ಲಿನ ಬೇರು ಹೊರಗೆ ಕಾಣುತ್ತದೆ. ಬೇರಿಗೆ ಎನಾಮೆಲ್ಲಿನ ಹೊದಿಕೆಯಿಲ್ಲ. ಹುಳುಕು ಅಲ್ಲಿ ಬೇಗ ಹಿಡಿಯುತ್ತದೆ.

ಕಾಕ್ರೇನ್ ಸಂಸ್ಥೆಯ 2019ರ ಪರಿಶೀಲನೆಯು ಫ್ಲೋರೈಡ್ ಪೇಸ್ಟು ವಯಸ್ಕರಲ್ಲೂ ಹುಳುಕನ್ನು ತಗ್ಗಿಸುತ್ತದೆಂದು ಕಂಡಿತು. ನೀರಿಗೆ ಫ್ಲೋರೈಡ್ ಬೆರೆಸುವ ಬಗ್ಗೆ ಅದೇ ಸಂಸ್ಥೆಯ 2015ರ ಪರಿಶೀಲನೆಗೆ, ವಯಸ್ಕರ ವಿಷಯದಲ್ಲಿ ತನ್ನ ಮಾನದಂಡಕ್ಕೆ ಒಪ್ಪುವ ಅಧ್ಯಯನವೇ ಸಿಗಲಿಲ್ಲ. ಪೇಸ್ಟಿನ ಪರವಾದ ಆಧಾರ ಬಲವಾಗಿದೆ. ನೀರಿನ ಪರವಾದದ್ದು ಅಷ್ಟು ಬಲವಾಗಿಲ್ಲ.

ಪ್ರಮಾಣವನ್ನೂ ಗಮನಿಸಬೇಕು. ಭಾರತೀಯ ಮಾನಕದಂತೆ ಒಂದು ಲೀಟರ್ ಕುಡಿಯುವ ನೀರಿನಲ್ಲಿ ಫ್ಲೋರೈಡ್ 1 ಮಿಲಿಗ್ರಾಂ ಮೀರಬಾರದು; ಬೇರೆ ನೀರು ಇಲ್ಲದಿದ್ದರೆ 1.5 ಮಿಲಿಗ್ರಾಂವರೆಗೆ ವಿನಾಯಿತಿಯಿದೆ. ಒಂದು ಕಿಲೋ ಪೇಸ್ಟಿನಲ್ಲಿ ಸುಮಾರು 1000 ಮಿಲಿಗ್ರಾಂ ಇರುತ್ತದೆ. ಪೇಸ್ಟನ್ನು ನುಂಗದೆ ಉಗುಳಬೇಕೆನ್ನುವುದು ಇದಕ್ಕಾಗಿಯೇ. ಮಿತಿ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಬೆಳೆಯುವ ಮಕ್ಕಳ ಹಲ್ಲಿನಲ್ಲಿ ಕಲೆ ಮೂಡುತ್ತದೆ. ಹಿರಿಯರ ಹಲ್ಲಿನಲ್ಲಿ ಹೊಸ ಕಲೆ ಕಾಣದು, ಆದರೆ ಅವರ ಮೂಳೆ ಕೆಡುತ್ತದೆ, ಕೀಲುಗಳು ಬಿಗಿಯುತ್ತವೆ, ಬೆನ್ನು ಬಾಗುತ್ತದೆ. ಕುದಿಸಿದರೆ ಫ್ಲೋರೈಡ್ ಹೋಗದು; ನೀರು ಆವಿಯಾದಷ್ಟೂ ಅದು ಸಾಂದ್ರವಾಗುತ್ತದೆ.

ಇದು ಬಯಲುಸೀಮೆಯ ಚಿಂತೆ, ಮಲೆನಾಡಿಗೇನು ಎಂದು ಕೇಳುವವರುಂಟು. ಮಳೆಯಿಂದ ತುಂಬುವ ಹಳ್ಳ, ಅಬ್ಬಿ, ತೆರೆದ ಬಾವಿಗಳ ನೀರಿನಲ್ಲಿ ಫ್ಲೋರೈಡ್ ಸಾಮಾನ್ಯವಾಗಿ ಕಡಿಮೆ. ಆಳದ ಬಂಡೆಗಳ ನಡುವೆ ದೀರ್ಘಕಾಲ ನಿಂತ ನೀರಿಗೆ ಅದು ಶಿಲೆಯಿಂದ ಇಳಿದು ಸೇರುತ್ತದೆ. ಕಾಡು ತೆಳುವಾಗಿ, ಅಬ್ಬಿ ಬತ್ತಿ, ಊರು ಕೊಳವೆಬಾವಿಗೆ ಮೊರೆಹೋದರೆ ಆ ನೀರನ್ನು ಪರೀಕ್ಷಿಸದೆ ಕುಡಿಯುವಂತಿಲ್ಲ. ಹಳ್ಳದ ದಂಡೆಯ ಮರವನ್ನು ಉಳಿಸುವುದು ಮೊಮ್ಮಕ್ಕಳ ಮೂಳೆಯನ್ನು ಕಾಯುವ ಕೆಲಸವೂ ಹೌದು.

ಹಾಗಾದರೆ ಮನೆಯಲ್ಲಿ ಮಾಡಬೇಕಾದುದೇನು? ಫ್ಲೋರೈಡ್ ಪೇಸ್ಟಿನಿಂದ ದಿನಕ್ಕೆರಡು ಬಾರಿ, ಅದರಲ್ಲೂ ಮಲಗುವ ಮುನ್ನ, ಹಲ್ಲುಜ್ಜಬೇಕು. ಉಗುಳಿದ ಮೇಲೆ ಬಹಳ ನೀರು ಹಾಕಿ ಮುಕ್ಕಳಿಸಬಾರದು. ಮೂರು ವರ್ಷದೊಳಗಿನ ಮಗುವಿಗೆ ಅಕ್ಕಿಕಾಳಿನಷ್ಟು, ಆರು ವರ್ಷದವರೆಗೆ ಬಟಾಣಿಯಷ್ಟು ಪೇಸ್ಟು ಸಾಕು. ಇದ್ದಿಲು, ಉಪ್ಪುಗಳಿಂದ ಬಲವಾಗಿ ಉಜ್ಜಿದರೆ ಹಲ್ಲು ಸವೆಯುತ್ತದೆ. ಹೊಗೆಸೊಪ್ಪು ಬೆರೆತ ಕವಳವನ್ನು ಬಿಡದೆ ಯಾವ ಪೇಸ್ಟೂ ಬಾಯಿಯನ್ನು ಕಾಯಲಾರದು.

ಫ್ಲೋರೈಡ್ ಹಲ್ಲಿನ ಮೇಲಿರಲಿ, ಹೊಟ್ಟೆಗೆ ಮಿತಿ ಮೀರಿ ಹೋಗದಿರಲಿ. ಅಬ್ಬಿಯ ನೀರು ಅಬ್ಬಿಯ ನೀರಾಗಿಯೇ ಉಳಿಯಲಿ.